ಬಾಣಂತಿ ಕೋಣೆಯ ಡಬ್ಬಿ

ಬರಪಾಲಿ
೧೨ ಜುಲೈ ೨೦೦೮

ಅಮ್ಮಾ,

ನಾನು ಚಿಕ್ಕಮ್ಮ ಆದೆ! ಮೊನ್ನೆ ಬೆಳಿಗ್ಗೆ ಕುಂತಳಕ್ಕನಿಗೆ ಹೆಣ್ಣುಮಗು ಹುಟ್ಟಿತು. ತಲೆ ತುಂಬ ಕೂದಲು, ಹುಬ್ಬು ಮಾತ್ರ ಇಲ್ಲವೇ ಇಲ್ಲ, ಕಾಲಿನ ಬೆರಳುಗಳಂತೂ ಬಟಾಣಿ ಕಾಳು ಸಾಲಾಗಿ ಇಟ್ಟ ಹಾಗೆ. ಒಂದೊಂದು ಬೆರಳಿಗೂ ಉಗುರಿದೆ ಅಮ್ಮಾ! ಒಳಗಿದ್ದಾಗಲೇ ಯಾರು ಇಷ್ಟು ತಾಳ್ಮೆಯಿಂದ ಮಾಡಿದರು? ನಾನು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಿದ್ದೆ. ‘ಈ ಇಂಗ್ಲಿಷ್ ಸೊಸೆಗೆ ಮಗು ಹೊಸದು, ಬಾಯಿಗೆ ನೊಣ ಹೋಗ್ತಿದೆ ನೋಡ್ರೇ’ ಎಂದು ಅತ್ತೆ ಎಲ್ಲರೆದುರು ನಗೆಯಾಡಿದರು.

ಕುಂತಳಕ್ಕ ನನ್ನ ವಾರಗಿತ್ತಿ ಎಂದು ನಿನಗೆ ನೆನಪಿದೆ ತಾನೆ? ಮದುವೆಯಲ್ಲಿ ನನ್ನ ಸೆರಗು ಜಾರಿದಾಗಲೆಲ್ಲ ಹಿಂದಿನಿಂದ ಎಳೆದು ತಲೆಗೆ ಹೊದಿಸುತ್ತಿದ್ದಳಲ್ಲ, ಅವಳು. ತಾಯಿಯಿಲ್ಲದವಳು, ಹಾಗಾಗಿ ಬಾಣಂತನ ಇಲ್ಲೇ. ಅವಳು ನೂಲಿನ ಕಟ್ಟಿಗೆ ಸಣ್ಣ ಸಣ್ಣ ಗಂಟು ಬಿಗಿಯುತ್ತಾಳೆ, ಬಣ್ಣಕ್ಕೆ ಅದ್ದುತ್ತಾರೆ, ಬಿಚ್ಚಿದರೆ ಗಂಟಿದ್ದ ಕಡೆ ಬಣ್ಣ ಹಿಡಿದಿರುವುದಿಲ್ಲ. ಆಮೇಲೆ ಅವಳ ಗಂಡ, ನಮ್ಮ ಭಾವ, ಮಗ್ಗದಲ್ಲಿ ನೇಯುತ್ತ ಹೋದಂತೆ ಬಟ್ಟೆಯೊಳಗಿಂದ ಒಂದು ಬಾತುಕೋಳಿ ಈಜಿಕೊಂಡು ಬರುತ್ತದೆ! ಹದಿನೈದು ವರ್ಷ ಓದಿದ ನನಗೆ ಒಂದು ಗಂಟೂ ಬಿಗಿಯಲು ಬರುವುದಿಲ್ಲ.

ಫೋನ್ ಮಾಡಬಾರದಾ ಎಂದು ಅಪ್ಪ ಗೊಣಗುತ್ತಾರೆ, ಗೊತ್ತು. ನಿನ್ನ ಅಳಿಯನ ಫೋನು ಅವರು ಮಾರಲು ಒಯ್ಯುವ ಸೀರೆ ಗಂಟಿನ ಜೊತೆ ಊರೂರು ಸುತ್ತುತ್ತದೆ. ಮನೆಯದೊಂದು ಭಾವನ ಅಂಗಿ ಜೇಬಿನಲ್ಲಿದೆ. ಭಾವ ಎಂದರೆ ಅವರೆದುರು ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ, ನೆರಳು ತಾಕಿದರೂ ಇಬ್ಬರಿಗೂ ಸ್ನಾನ. ನಿನಗೆ ಇದೆಲ್ಲ ಗೊತ್ತಿದ್ದದ್ದೇ, ನನಗೆ ಕಾನ್ವೆಂಟಿನ ಸಿಸ್ಟರ್‌ಗಳು ಹೇಳಿಕೊಟ್ಟಿರಲಿಲ್ಲ! ಅವರು ಕೆಮ್ಮುತ್ತಾರೆ, ನಾನು ಒಳಗೆ ಓಡುತ್ತೇನೆ. ನಾನು ಬಳೆ ಆಡಿಸುತ್ತೇನೆ, ಅವರು ಗೋಡೆಯ ಕಡೆ ತಿರುಗುತ್ತಾರೆ. ತೀರ ಅಗತ್ಯ ಬಿದ್ದರೆ ಕಂಬಕ್ಕೋ ಬೆಕ್ಕಿಗೋ ಹೇಳಬೇಕಂತೆ, ಅವರು ಕೇಳಿಸಿಕೊಳ್ಳುತ್ತಾರಂತೆ. ನನಗೆ ನಗು ತಡೆಯಲಾಗುವುದಿಲ್ಲ.

ಕುಂತಳಕ್ಕ ಮಾತ್ರ ನಗುತ್ತಿಲ್ಲ. ದಣಿವಿರಬೇಕು.

ನಿನ್ನ
ಟುಸಿ


ರೂರ್ಕೆಲಾ
೨೧ ಜುಲೈ

ಟುಸಿ,

ಕಾಗದ ಸಿಕ್ಕಿತು. ಮಗುವಿಗೆ ಆಯುಷ್ಯ ಹೆಚ್ಚಲಿ. ನಿನ್ನ ಅಪ್ಪನಿಗೆ ಈ ವಾರ ಎರಡನೇ ಪಾಳಿ. ಮಾವಿನಕಾಯಿ ಉಪ್ಪಿನಕಾಯಿಗೆ ಬೂಸರು ಬಂತು, ಮಳೆಯಲ್ಲಿ ಬಿಸಿಲೇ ಇಲ್ಲ. ಜೋರಾಗಿ ನಗಬೇಡ, ಹೊಸ ಸೊಸೆ.

ಬಾಣಂತಿಯ ಹತ್ತಿರ ಕೂರು. ಮಗುವನ್ನು ನೋಡಲು ಊರೇ ಬರುತ್ತದೆ, ಅವಳನ್ನು ನೋಡಲು ಯಾರೂ ಬರುವುದಿಲ್ಲ. ಅವಳು ಊಟ ಮಾಡುತ್ತಾಳೋ ನಿದ್ದೆ ಮಾಡುತ್ತಾಳೋ ಬರಿ.

ಅಮ್ಮ


ಬರಪಾಲಿ
೯ ಆಗಸ್ಟ್

ಅಮ್ಮಾ,

ಇಪ್ಪತ್ತೊಂದನೆಯ ದಿನದ ಹೆಸರಿಡುವ ಊಟ ಆಯಿತು! ಪಂಚಾಂಗದ ಪ್ರಕಾರ ಏನೋ ಉದ್ದನೆಯ ಹೆಸರು, ನಾವೆಲ್ಲ ಕರೆಯುವುದು ಗೆಲ್ಹಿ, ಮುದ್ದಿನವಳು ಎಂದು. ನಿನ್ನೆ ಅವಳು ನನ್ನ ಬೆರಳು ಹಿಡಿದಳು. ಬಿಡಿಸಿಕೊಳ್ಳಲು ಆಗಲೇ ಇಲ್ಲ ಅಮ್ಮಾ, ಅಷ್ಟು ಬಲ! ನಾನು ಅಡುಗೆಮನೆಗೆ ಹೋಗದೆ ಅಲ್ಲೇ ಕೂತುಬಿಟ್ಟೆ. ಅನ್ನ ಸೀದು ಹೋಯಿತು.

ನೀನು ಕೇಳಿದ್ದಕ್ಕೆ ಉತ್ತರ. ಕುಂತಳಕ್ಕ ಊಟ ಮಾಡುವುದಿಲ್ಲ. ಮಗು ಮಲಗಿದಾಗಲೂ ಕಣ್ಣು ಬಿಟ್ಟುಕೊಂಡೇ ಇರುತ್ತಾಳೆ. ಮಗು ಅತ್ತರೆ ಎತ್ತಿಕೊಳ್ಳುತ್ತಾಳೆ, ಹಾಲು ಕೊಡುತ್ತಾಳೆ, ಕೆಳಗಿಡುತ್ತಾಳೆ. ಬಾಡಿಗೆಗೆ ತಂದ ಪಾತ್ರೆ ತೊಳೆದಿಟ್ಟ ಹಾಗೆ, ಒಡೆಯದಂತೆ ಜೋಪಾನವಾಗಿ. ಅದರ ಮುಖ ಮಾತ್ರ ನೋಡುವುದಿಲ್ಲ.

ಮತ್ತೆ ಒಂದು ಡಬ್ಬಿ ಇದೆ. ಗುಡಾಖು! ಹೊಗೆಸೊಪ್ಪನ್ನು ಬೆಲ್ಲದ ಪಾಕದಲ್ಲಿ ಅರೆದ ಕಪ್ಪು ಲೇಹ್ಯ. ಇಲ್ಲಿಯ ಹೆಂಗಸರು ಬೆರಳ ತುದಿಯಲ್ಲಿ ತೆಗೆದು ಹಲ್ಲಿಗೆ, ಒಸಡಿಗೆ ಉಜ್ಜಿಕೊಳ್ಳುತ್ತಾರೆ. ಹೆರಿಗೆಯ ಮೂರನೇ ದಿನ ಅತ್ತೆಯೇ ಕೈಯಾರೆ ಕೊಟ್ಟರಂತೆ. ‘ಹೊಟ್ಟೆ ಶುದ್ಧಿಯಾಗುತ್ತೆ, ವಾಯು ಇಳಿಯುತ್ತೆ, ಎದ್ದು ಕೂರೋಕೆ ಬಲ ಬರುತ್ತೆ.’ ಮೊದಲು ಬೆಳಿಗ್ಗೆ ಮಾತ್ರ ಇತ್ತು. ಈಗ ಹೊತ್ತು ಗೊತ್ತಿಲ್ಲ. ಉಜ್ಜಿಕೊಂಡು ಗೋಡೆಗೊರಗಿ ಕಣ್ಣು ಮುಚ್ಚುತ್ತಾಳೆ. ಆಗ ಮಾತ್ರ ಅವಳ ಭುಜ ಇಳಿಯುತ್ತದೆ.

ನಾನು ಹೇಳಿದೆ, ‘ಅಕ್ಕ, ಇದು ಹೊಗೆಸೊಪ್ಪು, ಹಾಲಲ್ಲಿ ಮಗೂಗೆ ಹೋಗುತ್ತೆ.’

‘ನಿನ್ನ ಪುಸ್ತಕದಲ್ಲಿ ಬರೆದಿದೆಯಾ?’

‘ಬರೆದಿದೆ!’

‘ಇದಿಲ್ದೆ ಬೆಳಿಗ್ಗೆ ಹೇಗೆ ಏಳೋದು ಅಂತಾನೂ ಬರೆದಿದ್ರೆ ಓದಿ ಹೇಳು’ ಎಂದಳು.

ಅದಕ್ಕೇ ನಾನು ಧೈರ್ಯ ಮಾಡಿದೆ. ನಿನ್ನೆ ಡಬ್ಬಿ ಎತ್ತಿಕೊಂಡು ಬಂದು ನನ್ನ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ ಬಚ್ಚಿಟ್ಟೆ. ಅಂಗಡಿಗೆ ಹೋಗಿ ತರುವವರು ಅತ್ತೆ, ಅವರು ಸಂಬಂಧಿಕರ ಮನೆಗೆ ಹೋಗಿದ್ದಾರೆ. ಕೆಲವು ದಿನ ಒದ್ದಾಡಿ ಬಿಟ್ಟೇಬಿಡುತ್ತಾಳೆ ನೋಡು. ಚಪ್ಪಾಳೆ ತಟ್ಟು ಅಮ್ಮಾ!

ನಿನ್ನ ವೀರ ಪುತ್ರಿ
ಟುಸಿ


ರೂರ್ಕೆಲಾ
೧೪ ಆಗಸ್ಟ್

ಟುಸಿ,

ಈ ಕಾಗದ ಕೈಗೆ ಸಿಕ್ಕ ಕೂಡಲೇ ಡಬ್ಬಿ ವಾಪಸ್ ಕೊಡು. ನಾಳೆ ಎನ್ನಬೇಡ. ಅವಳನ್ನು ಒಬ್ಬಳನ್ನೇ ಬಿಡಬೇಡ, ಹಿತ್ತಲಿಗೆ ಹೋದರೂ ಹಿಂದೆ ಹೋಗು.

ಅಮ್ಮ


ಬರಪಾಲಿ
೨೪ ಆಗಸ್ಟ್

ಅಮ್ಮಾ,

ನಿನ್ನ ಕಾಗದ ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು.

ಮೊದಲ ದಿನ ಕುಂತಳಕ್ಕ ಮನೆಯೆಲ್ಲ ಹುಡುಕಿದಳು. ನಾನು ಮಗು ಎತ್ತಿಕೊಂಡು ಹಾಡುತ್ತ ತಿರುಗಿದೆ, ಏನೂ ಗೊತ್ತಿಲ್ಲದವಳ ಹಾಗೆ. ಮರುದಿನ ನನ್ನ ಮೇಲೆ ಲೋಟ ಎಸೆದಳು. ಅದೂ ಪರವಾಗಿರಲಿಲ್ಲ. ಅದರ ಮಾರನೆಯ ದಿನ ಅವಳು ಏಳಲೇ ಇಲ್ಲ. ಮಗು ಪಕ್ಕದಲ್ಲಿ ಅತ್ತು ಅತ್ತು ನೀಲಿಯಾಗುತ್ತಿತ್ತು, ಅವಳು ಮಾಡು ನೋಡುತ್ತ ಮಲಗಿದ್ದಳು. ನಾನು ಓಡಿ ಹೋಗಿ ಡಬ್ಬಿ ತಂದು ಕೈಯಲ್ಲಿಟ್ಟೆ. ಅವಳ ಬೆರಳು ಮಡಚಿಕೊಳ್ಳಲೇ ಇಲ್ಲ.

ಅಷ್ಟರಲ್ಲಿ ಅತ್ತೆ ಊರಿಂದ ಬಂದರು. ನನ್ನನ್ನು ನೋಡಿದರು, ಡಬ್ಬಿ ನೋಡಿದರು, ಅರ್ಥವಾಯಿತು. ಬೈಯುತ್ತಾರೆ ಎಂದುಕೊಂಡೆ. ಕಾಲು ತೊಳೆಯದೆ ಒಳಗೆ ಬಂದು ನೆಲದ ಮೇಲೆ ಕೂತು, ಅಕ್ಕನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಸೊಂಟದಿಂದ ತಮ್ಮದೇ ಡಬ್ಬಿ ತೆಗೆದು, ಬೆರಳಿಗೆ ಅಷ್ಟು ಹಚ್ಚಿ, ಅವಳ ತುಟಿ ಬಿಡಿಸಿ ಒಸಡಿಗೆ ಉಜ್ಜಿದರು. ಕೂಸಿಗೆ ಜೇನು ನೆಕ್ಕಿಸುವ ಹಾಗೆ, ಮೆಲ್ಲಗೆ. ‘ನುಂಗಬೇಡ ಮಗಳೇ, ಉಗಿ, ಇಲ್ಲಿ ನನ್ನ ಕೈಗೇ ಉಗಿ’ ಎಂದರು. ಅವಳು ಅತ್ತೆಯ ಅಂಗೈಗೆ ಉಗುಳಿದಳು.

ಅಮ್ಮಾ, ನಾನು ನೋಡುತ್ತ ನಿಂತೆ. ಅದು ವಿಷ ಎಂದು ನನಗೆ ಗೊತ್ತು. ಅದಕ್ಕಿಂತ ದೊಡ್ಡ ಮಮತೆಯನ್ನೂ ನಾನು ಕಂಡಿಲ್ಲ. ಎರಡೂ ಒಂದೇ ಬೆರಳ ತುದಿಯಲ್ಲಿದ್ದವು!

ಸಂಜೆ ಬಟ್ಟೆ ಮಡಚುತ್ತ ಕೇಳಿದೆ, ‘ಅತ್ತೆ, ನೀವು ಯಾವಾಗ ಶುರು ಮಾಡಿದ್ರಿ?’

‘ನಿನ್ನ ಭಾವ ಹುಟ್ಟಿದಾಗ. ಸುಮ್ ಸುಮ್ನೆ ಅಳ್ತಿದ್ದೆ. ನಮ್ಮತ್ತೆ ಕೊಟ್ಟಳು.’

‘ಅವರು?’

‘ಅವಳಿಗೆ ಅವಳತ್ತೆ ಕೊಟ್ಟಿರ್ತಾಳೆ. ಈ ಬೀದೀಲಿ ಯಾವ ಹೆಂಗಸನ್ನ ಬೇಕಾದ್ರೂ ಕೇಳು, ಎಲ್ಲಾ ಬಾಣಂತಿ ಕೋಣೇಲೇ ಕಲಿತದ್ದು. ಅಲ್ಲಿ ಬೇರೆ ಏನಿದೆ ಕೊಡೋಕೆ?’ ಎಂದರು, ಒಲೆಗೆ ಸೌದೆ ಒತ್ತುವಷ್ಟು ಸಹಜವಾಗಿ.

ಕುಂತಳಕ್ಕ ಆಮೇಲೆ ನನ್ನ ಜೊತೆ ಮಾತಾಡಿದಳು. ‘ಅದನ್ನ ಉಜ್ಜಿಕೊಳ್ಳೋ ಹೊತ್ತಷ್ಟೇ ನಾನು ಇಲ್ಲಿರ್ತೀನಿ ಕಣೇ. ಮಿಕ್ಕ ಹೊತ್ತು ಯಾರೋ ನನ್ನ ಮೈಯೊಳಗೆ ಕೂತು ಆ ಮಗೂಗೆ ಹಾಲು ಕೊಡ್ತಾಳೆ.’

ಅಮ್ಮಾ, ನಾನು ಬರೆದದ್ದು ಬರೀ ಡಬ್ಬಿ ಬಚ್ಚಿಟ್ಟೆ ಎಂದು. ಅಷ್ಟಕ್ಕೇ ನಿನಗೆ ಇದೆಲ್ಲ ಹೇಗೆ ಗೊತ್ತಾಯಿತು? ನಮ್ಮ ಹಿತ್ತಲಲ್ಲಿ ಬೆಳಿಗ್ಗೆ ಹೊತ್ತು ನೀನು ನನಗೆ ಬೆನ್ನು ಹಾಕಿ ಉಜ್ಜಿಕೊಳ್ಳುತ್ತಿದ್ದೆಯಲ್ಲ, ಕರಿ ಹಲ್ಲುಪುಡಿ. ಅದು ಹಲ್ಲುಪುಡಿಯೇ ತಾನೆ?

ಟುಸಿ


ಬರಪಾಲಿ
೫ ಸೆಪ್ಟೆಂಬರ್

ಅಮ್ಮಾ,

ನುವಾಖಾಯಿ ಹಬ್ಬದ ಜುಹಾರ್, ನಿನಗೂ ಅಪ್ಪನಿಗೂ ನಮಸ್ಕಾರ. ನಿನ್ನಿಂದ ಕಾಗದವಿಲ್ಲ. ನಾನು ಕೇಳಬಾರದ್ದನ್ನು ಕೇಳಿದ್ದರೆ ಬಿಡು, ಉತ್ತರ ಬೇಡ, ಕಾಗದ ಮಾತ್ರ ಬರಿ.

ನಿನ್ನೆ ಹೊಸ ಅಕ್ಕಿಯ ಪ್ರಸಾದ ಎಲ್ಲರ ಕೈಗೂ ಬಂತು. ಎಲ್ಲರೂ ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡೆವು. ಕುಂತಳಕ್ಕ ತನ್ನ ಪ್ರಸಾದದ ಎಲೆಯನ್ನು ನನ್ನ ಕೈಗೆ ದಾಟಿಸಿದಳು, ಮಗುವನ್ನೂ ದಾಟಿಸಿದಳು. ‘ನೀನೇ ಇಟ್ಕೋ ಇವಳನ್ನ. ನಿನ್ನ ಮುಖ ನೋಡಿದ್ರೆ ನಗ್ತಾಳೆ. ನಾನಿಲ್ದಿದ್ರೂ ಬೆಳೀತಾಳೆ.’

ಹಬ್ಬದ ದಿನ ಎಂಥ ಮಾತು ಎಂದು ನಾನು ನಕ್ಕುಬಿಟ್ಟೆ ಅಮ್ಮಾ. ಆಮೇಲೆ ಒಲೆ ಮುಂದೆ ಕೂತಾಗ ಆ ಮಾತಿನ ಅರ್ಥ ಹೊಳೆಯಿತು. ಅತ್ತೆಗೆ ಹೇಳಿದರೆ ‘ಬಾಣಂತಿ ಮಾತು, ಗಾಳಿಗೆ ಹೋಗುತ್ತೆ’ ಎಂದರು. ನಿನ್ನ ಅಳಿಯ ರಾಯಪುರದಲ್ಲಿದ್ದಾರೆ. ಭಾವ ನಾಯಿ ಬೀಳುತ್ತದೆಂದು ಹಿತ್ತಲ ಬಾವಿಗೆ ಹಲಗೆ ಮುಚ್ಚಿಸುತ್ತಿದ್ದಾರೆ. ನಾನು ಯಾರಿಗೆ ಹೇಳಲಿ?

ಟುಸಿ


ರೂರ್ಕೆಲಾ
೧೬ ಸೆಪ್ಟೆಂಬರ್

ಟುಸಿ,

ಬರೆದೆ, ಹರಿದೆ, ಮತ್ತೆ ಬರೆದೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ.

ಅದು ಹಲ್ಲುಪುಡಿಯಲ್ಲ.

ನೀನು ಹುಟ್ಟಿದಾಗ ನಮಗೆ ಕ್ವಾರ್ಟರ್ಸ್ ಹೊಸದಾಗಿ ಸಿಕ್ಕಿತ್ತು. ಎಲ್ಲರೂ ನನ್ನನ್ನು ಪುಣ್ಯವಂತೆ ಎಂದರು. ಗಂಡನಿಗೆ ಕಾರ್ಖಾನೆ ಕೆಲಸ, ಮನೆಯೊಳಗೇ ನಲ್ಲಿ ನೀರು, ದುಂಡನೆಯ ಮಗು. ಅಳುವುದಕ್ಕೆ ಕಾರಣ ಹೇಳು ಎಂದರೆ ನನ್ನ ಹತ್ತಿರ ಕಾರಣವಿರಲಿಲ್ಲ. ನೀನು ತೊಟ್ಟಿಲಲ್ಲಿ ಅಳುತ್ತಿದ್ದೆ. ನಾನು ಅಡುಗೆಮನೆಯ ನೆಲದ ಮೇಲೆ ಕೂತು, ಯಾರ ಮನೆಯ ಮಗು ಇಷ್ಟು ಅಳುತ್ತಿದೆ, ಅದರ ತಾಯಿ ಎಲ್ಲಿ ಹಾಳಾಗಿ ಹೋದಳು ಎಂದುಕೊಳ್ಳುತ್ತಿದ್ದೆ. ನಿಜವಾಗಿಯೂ ಹಾಗೇ ಅಂದುಕೊಂಡೆ ಟುಸಿ. ಪಕ್ಕದ ಮನೆಯ ಜಶೋದಾ ಅತ್ತಿಗೆ ಬಂದು ನೋಡಿದಳು, ಏನೂ ಕೇಳಲಿಲ್ಲ, ಡಬ್ಬಿ ತಂದುಕೊಟ್ಟಳು. ತಲೆ ಗಿರ್ರೆಂದಿತು. ಎದ್ದು ನಿನ್ನನ್ನು ಎತ್ತಿಕೊಂಡೆ.

ನೀನು ತೆವಳುವಾಗ ನಿನ್ನ ಅಪ್ಪ ಒಮ್ಮೆ ಅದನ್ನು ಕಿಟಕಿಯಿಂದಾಚೆ ಎಸೆದರು, ಹೆಂಗಸಿಗೆ ಇದೆಂಥ ಚಟ ಎಂದು. ಆ ವಾರ ಏನಾಯಿತೆಂದು ನಾನು ಬರೆಯುವುದಿಲ್ಲ. ನೀನಿದ್ದೀಯ, ನಾನೂ ಇದ್ದೇನೆ.

ನಿನ್ನ ಹಬ್ಬದ ಕಾಗದ ಓದಿ ನಾನು ಕೊಡೆ ತೆಗೆದುಕೊಂಡು ಕಾರ್ಖಾನೆಯ ಆಸ್ಪತ್ರೆಗೆ ಹೋದೆ. ಮನಸ್ಸಿನ ಡಾಕ್ಟರ ಕೋಣೆ ಎಲ್ಲಿದೆ ಎಂದು ಕೇಳಲು ನಾಚಿಕೆಯಾಗಿ ಕಣ್ಣಿನ ಡಾಕ್ಟರ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಡಾಕ್ಟರು ಹೆಂಗಸು, ನಿನಗಿಂತ ಸ್ವಲ್ಪ ದೊಡ್ಡವಳಿರಬೇಕು. ‘ಯಾರಿಗೆ ತೊಂದರೆ ಅಮ್ಮಾ?’ ಎಂದಳು. ಮಗಳ ವಾರಗಿತ್ತಿಗೆ ಎಂದು ಹೇಳಲು ಹೋದವಳು ‘ನನಗೆ’ ಎಂದುಬಿಟ್ಟೆ. ಆಮೇಲೆ ಕುಂತಳಳದೂ ಹೇಳಿದೆ.

ಇದು ಹೆರಿಗೆಯ ಹಿಂದೆ ಬರುವ ಕಾಯಿಲೆಯಂತೆ. ಸೊಕ್ಕಲ್ಲ, ಸೋಮಾರಿತನವಲ್ಲ, ದೃಷ್ಟಿಯೂ ಅಲ್ಲ. ಔಷಧವಿದೆ, ವಾಸಿಯಾಗುತ್ತದೆ. ಗುಡಾಖು ಬಿಡಲೇಬೇಕು, ಮಗುವಿಗೂ ಕೆಟ್ಟದ್ದು. ಆದರೆ ಕಾಯಿಲೆಯನ್ನು ಹಾಗೇ ಬಿಟ್ಟು ಡಬ್ಬಿಯನ್ನಷ್ಟೇ ಕಿತ್ತುಕೊಳ್ಳಬಾರದು, ಎರಡನ್ನೂ ಒಟ್ಟಿಗೆ ನೋಡಬೇಕು ಎಂದಳು. ‘ಮಗು ಸಮೇತ ಕರೆತನ್ನಿ. ಆ ಮಾತು ಆಡಿದ್ದಾಳೆ ಅಂದ ಮೇಲೆ ತಡ ಮಾಡಬೇಡಿ.’ ಕೇಳಿಸಿತೇ ಟುಸಿ? ತಡ ಮಾಡಬೇಡ. ನಡುಮನೆ ಖಾಲಿ ಮಾಡಿದ್ದೇನೆ.

ನನ್ನನ್ನು ಯಾರೂ ಕೇಳಿರಲಿಲ್ಲ. ನೀನು ಕೇಳಿದೆ.

ಅಮ್ಮ


ಬರಪಾಲಿ
೨೮ ಸೆಪ್ಟೆಂಬರ್

ಅಮ್ಮಾ, ನನ್ನ ಅಮ್ಮಾ,

ನಿನ್ನ ಕಾಗದವನ್ನು ಹಿತ್ತಲಿನ ನುಗ್ಗೆ ಮರದ ಕೆಳಗೆ ನಿಂತು ಓದಿದೆ. ಓದಿ ಮುಗಿಸಿ ತಲೆ ಎತ್ತಿದರೆ ಕೋಳಿ, ಬೇಲಿ, ಒಣಗಿಸಿದ ಕೆಂಪು ನೂಲು, ಎಲ್ಲ ಇದ್ದಲ್ಲೇ ಇದ್ದವು. ನಾನು ಮಾತ್ರ ಬೇರೆ ಯಾರ ಮಗಳೋ ಎನಿಸಿತು. ಹಿಮಾಲಯ ನೋಡಿ ಬಂದವರು ಹೇಳುತ್ತಾರಲ್ಲ, ಮೋಡ ಸರಿದಾಗ ಇಷ್ಟು ದೊಡ್ಡದು ಇಷ್ಟು ಹತ್ತಿರ ನಿಂತಿತ್ತೇ ಎಂದು. ನನ್ನ ಜಡೆ ಹಾಕಿ, ಬುತ್ತಿ ಕಟ್ಟಿ, ಸ್ಕೂಲ್ ಬಸ್ಸಿಗೆ ಕೈ ಬೀಸಿದವಳು ನೀನು. ಅಷ್ಟೂ ದಿನ!

ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದೆ. ಕಾಗದವನ್ನು ಕುಂತಳಕ್ಕನಿಗೆ ಕೊಟ್ಟೆ. ‘ಯಾರ ಮನೆಯ ಮಗು’ ಎಂಬಲ್ಲಿಗೆ ಬಂದಾಗ ಬೆರಳಿಟ್ಟು ನಿಂತಳು. ಆ ಸಾಲನ್ನು ಮತ್ತೆ ಓದಿದಳು. ಆಮೇಲೆ ನನ್ನ ಮುಖ ನೋಡಿದಳು, ಸಂತೆಯಲ್ಲಿ ಬಟ್ಟೆಯನ್ನು ತಿರುವಿ ಮುರುವಿ ನೋಡುವ ಹಾಗೆ.

‘ಆ ಮಗು ನೀನಾ?’

‘ಹೂಂ ಅಕ್ಕ.’

‘ಅಷ್ಟೆಲ್ಲಾ ಆಗಿಯೂ ನೀನು ಹೀಗೆ ಕಿಸಿ ಕಿಸಿ ನಗ್ತಾ ಬೆಳೆದ್ಯಾ?’

‘ಬೆಳೆದೆ. ಅತ್ತೆ ಕೇಳಿದ್ರೆ ಸಾಕಪ್ಪಾ ಅನ್ನೋವಷ್ಟು.’

ಅವಳು ಅತ್ತಳು ಅಮ್ಮಾ, ಇಷ್ಟು ದಿನದಲ್ಲಿ ಮೊದಲ ಸಲ. ತೊಟ್ಟಿಲ ಕಡೆ ತಿರುಗಿ, ‘ಇವಳಿಗೂ ಇನ್ನೂ ಹೊತ್ತು ಮೀರಿಲ್ಲ ಹಾಗಾದ್ರೆ’ ಎಂದಳು. ಆಮೇಲೆ, ‘ಬರ್ತೀನಿ. ಆದ್ರೆ ಇವರು ಕಳಿಸ್ಬೇಕಲ್ಲ. ನನಗೆ ಬಾಯಿ ಬರಲ್ಲ, ನೀನೇ ಹೇಳು.’

ನಾನೇ! ಭಾವನಿಗೆ!

ಮಧ್ಯಾಹ್ನ ಮಗ್ಗದ ಮನೆಯ ಬಾಗಿಲ ಹಿಂದೆ ನಿಂತೆ. ಸೆರಗು ಗಲ್ಲದ ತನಕ ಎಳೆದುಕೊಂಡು ಬಳೆ ಆಡಿಸಿದೆ. ಲಾಳಿಯ ಸದ್ದು ನಿಂತಿತು. ಕಂಬಕ್ಕೆ ಹೇಳಲೋ ಬೆಕ್ಕಿಗೆ ಹೇಳಲೋ ತಿಳಿಯದೆ, ‘ಮಗ್ಗವೇ, ಕೇಳಪ್ಪಾ’ ಎಂದೆ. ನಗು ಬರುತ್ತದೆಂದು ಹೆದರಿದ್ದೆ, ಬರಲಿಲ್ಲ. ‘ಮಗ್ಗವೇ, ಈ ಮನೆ ಹಿರಿಸೊಸೆಗೆ ಕಾಯಿಲೆ ಇದೆ. ವಾಸಿಯಾಗೋ ಕಾಯಿಲೆ. ನಮ್ಮೂರಲ್ಲಿ ಡಾಕ್ಟರಿದ್ದಾರೆ. ನಮ್ಮಮ್ಮನಿಗೂ ಇದೇ ಬಂದಿತ್ತು. ಕಳಿಸೋಕೆ ಹೇಳು.’

ಆಮೇಲೆ ಭಾವನ ದನಿ. ಇಷ್ಟು ತಿಂಗಳಲ್ಲಿ ಕೆಮ್ಮು ಬಿಟ್ಟರೆ ನಾನು ಕೇಳಿದ ಮೊದಲ ದನಿ, ಹುಡುಗನ ದನಿಯ ಹಾಗೆ ತೆಳ್ಳಗಿತ್ತು.

‘ಮಗ್ಗವೇ, ಅವಳಿಗೆ ಹೇಳು. ಬಾವಿಗೆ ಹಲಗೆ ಮುಚ್ಚಿಸಿದ್ದು ನಾಯಿ ಬೀಳುತ್ತೆ ಅಂತ ಅಲ್ಲ.’

ನಾನು ಬಾಗಿಲು ಹಿಡಿದುಕೊಂಡೆ.

‘ಗಂಟು ಕಟ್ತಾ ಹಾಡ್ತಿದ್ಳು. ಆ ಹಾಡಿನ ಲೆಕ್ಕಕ್ಕೇ ನನ್ನ ಕಾಲು ಆಡ್ತಿತ್ತು. ಈಗ ನೇಯ್ದದ್ದೆಲ್ಲಾ ಸೊಟ್ಟ. ಯಾರನ್ನ ಕೇಳೋದು ಅಂತ ತಿಳೀಲಿಲ್ಲ. ಹೆಂಗಸರ ಕೋಣೆ, ಗಂಡಸು ಹೇಗೆ ಕಾಲಿಡೋದು? ಅದಕ್ಕೇ ಹಲಗೆ ಮುಚ್ಚಿದೆ. ನನಗೆ ತೋಚಿದ್ದು ಅಷ್ಟೇ. ಕರ್ಕೊಂಡು ಹೋಗಲಿ ಅಂತ ಹೇಳು ಮಗ್ಗವೇ. ಚೆನ್ನಾಗಿ ಕರ್ಕೊಂಡು ಹೋಗಲಿ.’

ನಾನು ಅಲ್ಲೇ ಹೊಸ್ತಿಲಿಗೆ ತಲೆ ಮುಟ್ಟಿಸಿ ನಮಸ್ಕಾರ ಮಾಡಿದೆ. ಒಂದೇ ಸೂರಿನ ಕೆಳಗೆ ಒಬ್ಬರು ಡಬ್ಬಿ ಕೊಡುತ್ತಿದ್ದರು, ಇನ್ನೊಬ್ಬರು ಬಾವಿ ಮುಚ್ಚುತ್ತಿದ್ದರು. ಒಬ್ಬರಿಗೊಬ್ಬರು ಒಂದು ಮಾತೂ ಹೇಳದೆ ಎಲ್ಲರೂ ಅವಳನ್ನೇ ಕಾಯುತ್ತಿದ್ದರು ಅಮ್ಮಾ!

ಅತ್ತೆಗೆ ಹೇಳಿದಾಗ ಮೊದಲು ಸಿಡುಕಿದರು. ‘ಮನಸ್ಸಿಗೂ ಡಾಕ್ಟ್ರಾ? ನಾಳೆ ನೆರಳಿಗೂ ಒಬ್ಬ ಡಾಕ್ಟ್ರು ಬರ್ತಾನೆ ನಿಮ್ಮ ರೂರ್ಕೆಲಾದಲ್ಲಿ.’ ಆಮೇಲೆ ಎದ್ದುಹೋಗಿ ಅವಲಕ್ಕಿ ಹುರಿಯಲು ಕೂತರು, ದಾರಿಗೆ. ಹುರಿಯುತ್ತ ಹುರಿಯುತ್ತ ಸೌಟು ನಿಲ್ಲಿಸಿ ಕೇಳಿದರು, ‘ಏನೇ, ಆ ಡಾಕ್ಟರಮ್ಮ ಮುದುಕಿಯರನ್ನೂ ನೋಡ್ತಾಳಾ?’

‘ನೋಡ್ತಾರೆ ಅತ್ತೆ, ಅಮ್ಮನಿಗೆ ಬರೆದು ಕೇಳಲಾ?’

‘ಕಾಗದದಲ್ಲಿ ಕೇಳೋ ಮಾತಾ ಅದು? ನಾನೇ ಬಂದು ಕೇಳ್ತೀನಿ. ನನ್ನ ಮಗ ನಾಲ್ಕು ದಿನ ತಂಗಳನ್ನದ ಪಖಾಳ ಉಂಡ್ರೆ ಸಾಯಲ್ಲ.’

ಹಾಗಾಗಿ ನಡುಮನೆಯಲ್ಲಿ ಇನ್ನೊಂದು ಚಾಪೆ ಹಾಸಿಡು. ಕುಂತಳಕ್ಕ ಬಟ್ಟೆ ಜೋಡಿಸುತ್ತಿದ್ದಾಳೆ. ಮಗುವಿನವು ಮೊದಲು, ತನ್ನವು ಆಮೇಲೆ. ಡಬ್ಬಿಯನ್ನೂ ಇಟ್ಟುಕೊಂಡಿದ್ದಾಳೆ, ನಾನು ಏನೂ ಅನ್ನಲಿಲ್ಲ. ಭಾವ ಸ್ಟೇಷನ್ನಿನ ತನಕ ಗಂಟು ಹೊತ್ತು ಬರುತ್ತಾರೆ, ನಮಗಿಂತ ಹತ್ತು ಹೆಜ್ಜೆ ಮುಂದೆ.

ನಾವು ನಾಲ್ಕು ಹೆಂಗಸರು, ಗೆಲ್ಹಿಯೂ ಸೇರಿ, ಬರುವ ಶುಕ್ರವಾರ, ಅಕ್ಟೋಬರ್ ಮೂರರಂದು, ಬರಗಢ ರೋಡ್ ಸ್ಟೇಷನ್ನಿನಿಂದ ಹತ್ತಿ, ಇಸ್ಪಾತ್ ಎಕ್ಸ್‌ಪ್ರೆಸ್ಸಿನಲ್ಲಿ ನಿನ್ನ ಹತ್ತಿರ ಬಂದಿಳಿಯುತ್ತೇವೆ.

ನಿನ್ನ
ಟುಸಿ